ಕೆನೆಬಿಳಿ ಮುಂಬಾಗಿಲು: ಯಾವ ಗೋಡೆಗೆ ಯಾವ ಬಿಳಿ?

ಒಂದೇ ಡಬ್ಬಿಯ ಕೆನೆಬಿಳಿಯನ್ನು ನಾಲ್ಕು ಮನೆಗಳ ಮುಂಬಾಗಿಲಿಗೆ ಬಳಿದು ನೋಡಿ, ನಾಲ್ಕು ಬಣ್ಣ ಕಾಣುತ್ತದೆ. ಕೆಂಪು ಇಟ್ಟಿಗೆಯ ಪಕ್ಕದಲ್ಲಿ ಅದರ ಬೆಚ್ಚನೆ ಕಳೆ ಇಳಿಯುತ್ತದೆ. ನೀಲಿ ಬೆರೆತ ಬೂದು ಗೋಡೆಯಲ್ಲಿ ಹಳದಿ ಎದ್ದು ಬರುತ್ತದೆ. ಕಡುಗಪ್ಪು ಗೋಡೆಯಲ್ಲಿ ಅಚ್ಚಬಿಳಿಯೇ ಅನ್ನಿಸುತ್ತದೆ. ಬೆಳ್ಳಗಿನ ಗೋಡೆಯಲ್ಲಿ ಮಾತ್ರ ಮಾಸಿದ ಬಾಗಿಲಿನಂತೆ ಕಾಣುತ್ತದೆ. ಹಾಗಾಗಿ ‘ಒಳ್ಳೆಯ ಕೆನೆಬಿಳಿ ಯಾವುದು’ ಎಂದು ಕೇಳಿದರೆ ಉತ್ತರವಿಲ್ಲ, ‘ಈ ಗೋಡೆಗೆ ಯಾವುದು’ ಎಂದು ಕೇಳಿದರೆ ಇದೆ. ಮೊದಲು ನೋಡಬೇಕಾದ್ದು ಬದಲಾಯಿಸಲು ಆಗದ್ದನ್ನು: ಇಟ್ಟಿಗೆ, ಕಲ್ಲು, ಚಾವಣಿ, ಕಿಟಕಿ ಚೌಕಟ್ಟು. ಬಾಗಿಲಿನ ಸರದಿ ಕೊನೆಯದು.

ಕೆನೆಬಿಳಿಯೊಳಗೆ ಏನಿದೆ

ಬಿಳಿ ಬಣ್ಣದ ಮೂಲದ್ರವ್ಯ ಈಗ ಬಹುಪಾಲು ಟೈಟಾನಿಯಂ ಡೈಆಕ್ಸೈಡ್. ಅದಕ್ಕೆ ಚೂರು ಹಳದಿ ಆಕ್ಸೈಡ್ ಬಿದ್ದರೆ ಕೆನೆಯ ಕಡೆಗೆ, ಕೆಂಪು ಆಕ್ಸೈಡ್ ಬಿದ್ದರೆ ಗುಲಾಬಿಯ ಕಡೆಗೆ, ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ಬಿದ್ದರೆ ಮರಳಿನ ಕಡೆಗೆ ವಾಲುತ್ತದೆ. ಹಳದಿಯ ಜೊತೆ ಕಪ್ಪು ಸೇರಿದರೆ ಸಣ್ಣಗೆ ಹಸಿರು ಇಣುಕುತ್ತದೆ; ಅನೇಕರು ಎಡವುವುದು ಈ ಹಸಿರಿನಲ್ಲೇ. ಹೀಗೆ ಒಳಗೆ ಅಡಗಿರುವ ವಾಲಿಕೆಯನ್ನು ಒಳಛಾಯೆ ಅನ್ನೋಣ.

ಕೆನೆಬಿಳಿ ಒಂದೊಂದನ್ನೇ ನೋಡಿದರೆ ಒಳಛಾಯೆ ತಿಳಿಯುವುದಿಲ್ಲ. ನಾಲ್ಕೈದನ್ನು ಒತ್ತೊತ್ತಾಗಿ ಜೋಡಿಸಿದರೆ ಯಾವುದು ಹಳದಿ, ಯಾವುದು ಗುಲಾಬಿ ಎಂದು ತಾನಾಗಿಯೇ ಬಿಟ್ಟುಕೊಡುತ್ತವೆ. ಹೋಲಿಸಲು ಪ್ರಿಂಟರ್ ಕಾಗದ ಇಡಬೇಡಿ. ಅದರಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಅದು ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಬಿಡುತ್ತದೆ. ಆ ಕಾಗದದ ಪಕ್ಕದಲ್ಲಿ ಎಂಥ ಕೆನೆಬಿಳಿಯೂ ಇರುವುದಕ್ಕಿಂತ ಹಳದಿಯಾಗಿ ಕಾಣುತ್ತದೆ.

ಎರಡನೆಯ ಅಳತೆ ಎಲ್‌ಆರ್‌ವಿ, ಅಂದರೆ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಬಣ್ಣ ಹಿಂದಿರುಗಿಸುತ್ತದೆ ಎಂಬ ಸಂಖ್ಯೆ. ಪೂರ್ಣ ಕಪ್ಪು 0, ಪೂರ್ಣ ಬಿಳಿ 100. ಕೆನೆಬಿಳಿಗಳು ಸುಮಾರಾಗಿ 70ರಿಂದ 85ರ ಆಸುಪಾಸಿನಲ್ಲಿ ಇರುತ್ತವೆ. ಬಣ್ಣದ ಕಂಪನಿಗಳು ಇದನ್ನು ಬಹಳ ಮಟ್ಟಿಗೆ ಶೇಡ್ ಕಾರ್ಡಿನಲ್ಲೋ ತಮ್ಮ ಮಾಹಿತಿ ಪುಟದಲ್ಲೋ ಕೊಟ್ಟಿರುತ್ತವೆ. ಕಣ್ಣಿಗೆ ಅಭ್ಯಾಸವಾಗಲು ಆರ್‌ಎಎಲ್ ಸರಣಿ ಅನುಕೂಲ. ಜರ್ಮನಿಯಲ್ಲಿ 1927ರಲ್ಲಿ ಶುರುವಾದ ಈ ಸಂಕೇತ ಪದ್ಧತಿಯಲ್ಲಿ 9016 ಬಹುತೇಕ ತಟಸ್ಥ ಬಿಳಿ. 9010ಕ್ಕೆ ‘ಶುದ್ಧ ಬಿಳಿ’ ಎಂಬ ಹೆಸರಿದ್ದರೂ 9016ರ ಪಕ್ಕದಲ್ಲಿಟ್ಟರೆ ಅದರ ಬೆಚ್ಚನೆ ಛಾಯೆ ಗೊತ್ತಾಗುತ್ತದೆ. 9001 ನಿಜವಾದ ಕೆನೆ. 1013 ಇನ್ನೂ ಆಳ, 1015 ದಂತದ ಬಣ್ಣ. ಈ ಐದನ್ನು ಸಾಲಾಗಿ ಇಟ್ಟು ನೋಡಿದರೆ ಬೆಚ್ಚನೆ ಬಿಳಿಯ ಪೂರ್ತಿ ಹರವು ಒಂದೇ ನೋಟಕ್ಕೆ ಸಿಗುತ್ತದೆ.

ನೆರೆಬಣ್ಣದ ಆಟ

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೂಲ್ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣ ವಿಭಾಗದ ಮುಖ್ಯಸ್ಥನಾಗಿದ್ದಾಗ, ಅಲ್ಲಿನ ಕಪ್ಪು ನೂಲಿಗೆ ಕಳೆಯಿಲ್ಲ ಎಂಬ ದೂರು ಬರುತ್ತಿತ್ತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿರಲಿಲ್ಲ; ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳು ಅದನ್ನು ಮಂಕಾಗಿಸುತ್ತಿದ್ದವು. ಇದರಿಂದ ಹೊರಟ ನಿಯಮವನ್ನು ಅವನು 1839ರಲ್ಲಿ ಪ್ರಕಟಿಸಿದ: ಪಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧ ದಿಕ್ಕಿಗೆ ತಳ್ಳುತ್ತವೆ. ಬಲವಾದ ಬಣ್ಣ ಅಲ್ಲಾಡುವುದು ಕಡಿಮೆ, ತೆಳು ಬಣ್ಣವೇ ಹೆಚ್ಚು ಜರುಗುತ್ತದೆ. ಕೆನೆಬಿಳಿಯಷ್ಟು ತೆಳುವಾದದ್ದು ಮನೆಯ ಮುಂಭಾಗದಲ್ಲಿ ಬೇರೆ ಇಲ್ಲ, ಆದ್ದರಿಂದ ಎಲ್ಲರ ತಳ್ಳಾಟಕ್ಕೂ ಅದೇ ಸಿಗುತ್ತದೆ. ಮುಂದಿನದೆಲ್ಲ ಈ ನಿಯಮದ ಅನ್ವಯ.

ಬಿಳಿ ಗೋಡೆ: ಸುಲಭ ಅನ್ನಿಸಿದರೂ ಎಲ್ಲಕ್ಕಿಂತ ಕಷ್ಟ

ಬಿಳಿ ಗೋಡೆಗೆ ಕೆನೆಬಿಳಿ ಬಾಗಿಲು ಸಹಜವಾಗಿ ಹೊಂದುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ತಟಸ್ಥ ಅಥವಾ ನೀಲಿ ವಾಲಿಕೆಯ ಬಿಳಿ ಪಕ್ಕದಲ್ಲಿದ್ದರೆ ಕೆನೆಬಿಳಿ ಆಯ್ದು ಹಚ್ಚಿದ ಬಣ್ಣವೆಂದು ತೋರುವುದೇ ಇಲ್ಲ, ತೊಳೆಯದೆ ಬಿಟ್ಟದ್ದು ಅನ್ನಿಸುತ್ತದೆ. ಕಾರಣ ವ್ಯತ್ಯಾಸದ ಪ್ರಮಾಣ. ವ್ಯತ್ಯಾಸ ದೊಡ್ಡದಾದರೆ ಕಣ್ಣು ಅದನ್ನು ನಿರ್ಧಾರವೆಂದು ಓದುತ್ತದೆ, ಇಲ್ಲವೇ ಇಲ್ಲವೆಂದರೆ ಏಕತೆಯೆಂದು ಓದುತ್ತದೆ. ನಡುವಿನ ಅರೆಬರೆ ವ್ಯತ್ಯಾಸವನ್ನೇ ತಪ್ಪು ಎನ್ನುವುದು.

ಇದರಿಂದ ಹೊರಬರಲು ಮೂರು ದಾರಿ. ಮೊದಲನೆಯದು, ಗೋಡೆಗೂ ಬಾಗಿಲಿಗೂ ಒಂದೇ ಕೆನೆಬಿಳಿ ಹಚ್ಚಿ ಮೆರುಗಿನಲ್ಲಿ ಮಾತ್ರ ಬೇರೆ ಮಾಡುವುದು: ಗೋಡೆಗೆ ಹೊಳಪಿಲ್ಲದ ಮ್ಯಾಟ್, ಬಾಗಿಲಿಗೆ ಅರೆಹೊಳಪಿನ ಸೆಮಿಗ್ಲಾಸ್. ಬೆಳಕು ಓರೆಯಾಗಿ ಬಿದ್ದಾಗ ಬಾಗಿಲು ಮೆಲ್ಲಗೆ ಬೇರೆಯಾಗಿ ನಿಲ್ಲುತ್ತದೆ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಆದರೆ ಗೋಡೆಗೂ ಹೊಸದಾಗಿ ಬಣ್ಣ ಹೊಡೆಸುವ ತಯಾರಿ ಇದ್ದರೆ ಮಾತ್ರ ಈ ದಾರಿ ತೆರೆದಿರುತ್ತದೆ. ಎರಡನೆಯದು, ಬಾಗಿಲನ್ನು ಧೈರ್ಯವಾಗಿ ಒಂದು ಮೆಟ್ಟಿಲು ಕೆಳಗಿಳಿಸುವುದು. ಗೋಡೆಯ ಎಲ್‌ಆರ್‌ವಿ 88 ಇದ್ದರೆ ಬಾಗಿಲು 83 ಆಗುವುದಕ್ಕಿಂತ 72 ಆದರೆ ಚೆನ್ನ. ಕನಿಷ್ಠ 10 ಅಂಕಗಳ ಅಂತರ ಎಂದು ನಾನು ಇಟ್ಟುಕೊಂಡಿದ್ದೇನೆ. ಇದು ಶಾಸ್ತ್ರವಲ್ಲ, ಕೈಗೆ ಸಿಕ್ಕ ಅಂದಾಜು. ಮೂರನೆಯದು, ಎರಡು ಬಿಳಿಗಳೂ ಒಂದಕ್ಕೊಂದು ತಾಗದಂತೆ ನಡುವೆ ಮೂರನೆಯ ಬಣ್ಣದ ಚೌಕಟ್ಟು ತರುವುದು. ನೆರೆಬಣ್ಣದ ತಳ್ಳಾಟ ಜೋರಾಗಿರುವುದು ಅಂಚು ಕೂಡುವ ಕಡೆ. ಅಲ್ಲಿ ಮರದ ಬಣ್ಣದ್ದೋ ಕಡುಬೂದಿನದೋ ಚೌಕಟ್ಟು ಅಡ್ಡ ನಿಂತರೆ ಬಾಗಿಲಿಗೆ ತನ್ನದೇ ಬಣ್ಣ ಮರಳಿ ಬರುತ್ತದೆ.

ಕಿಟಕಿಗಳು ಕಾರ್ಖಾನೆಯಿಂದಲೇ ಅಚ್ಚಬಿಳಿಯಾಗಿ ಬಂದ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಆಗಿದ್ದರೆ, ಗೋಡೆ ಯಾವ ಬಣ್ಣದ್ದಾದರೂ ಸರಿ, ಬಿಳಿ ಗೋಡೆಯ ತೊಂದರೆ ಅಲ್ಲೂ ಇದೆ ಎಂದೇ ಲೆಕ್ಕ ಹಾಕಿ.

ಇಟ್ಟಿಗೆ, ಬೂದು, ಕಪ್ಪು, ಮರಳು

ಕೆಂಪು ಇಟ್ಟಿಗೆ ಪಕ್ಕದ ತೆಳು ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ, ನೀಲಿಹಸಿರಿನತ್ತ ತಳ್ಳುತ್ತದೆ. ಹಸಿರು ಒಳಛಾಯೆಯ ಕೆನೆಬಿಳಿ ಅಲ್ಲಿ ರೋಗ ಬಡಿದಂತೆ ಕಾಣುವುದು ಈ ಕಾರಣಕ್ಕೆ. ತುಸು ಕೆಂಪು ಬೆರೆತದ್ದೋ ಅಂಬರ್ ಬೆರೆತದ್ದೋ ತೆಗೆದುಕೊಂಡರೆ ತಳ್ಳಾಟದ ನಂತರವೂ ಬೆಚ್ಚಗೆ ಉಳಿಯುತ್ತದೆ. ಇಟ್ಟಿಗೆಯನ್ನು ನೋಡುವಾಗ ಇಟ್ಟಿಗೆಯನ್ನಷ್ಟೇ ನೋಡಿದರೆ ಸಾಲದು, ನಡುವಿನ ಗಾರೆಯ ಗೆರೆಗಳನ್ನೂ ನೋಡಿ. ಗೋಡೆಯ ಉದ್ದಕ್ಕೂ ಹರಡಿರುವ ತಿಳಿಬಣ್ಣ ಅದೊಂದೇ. ಗಾರೆ ಮರಳು ಬಣ್ಣದ್ದಾಗಿದ್ದು, ಬಾಗಿಲು ಅದಕ್ಕಿಂತ ಸ್ವಲ್ಪ ತಿಳಿಯಾಗಿ ಅದೇ ಜಾತಿಯಲ್ಲಿದ್ದರೆ ಮನೆ ಕಟ್ಟುವಾಗಲೇ ಯೋಚಿಸಿ ಮಾಡಿದಂತೆ ಹೊಂದಿಕೊಳ್ಳುತ್ತದೆ.

ಬೂದಿನಲ್ಲಿ ಎರಡು ಪಂಗಡ. ಸಿಮೆಂಟು, ಹಲವು ಬಗೆಯ ಕಲ್ಲು, ಸ್ಲೇಟು ನೀಲಿಯತ್ತ ವಾಲಿದ್ದರೆ ಬಾಗಿಲಿನ ಹಳದಿ ಒಂದು ಪಟ್ಟು ಹೆಚ್ಚಿ ಕಾಣುತ್ತದೆ. ಆದ್ದರಿಂದ ಬಹಳ ಸಂಯಮದ ಕೆನೆಬಿಳಿ ಸಾಕು, 9010ರ ಸುತ್ತಮುತ್ತಲಿನದು. ಬೂದು ಕಂದಿನತ್ತ ವಾಲಿದ್ದರೆ ಧಾರಾಳವಾಗಿ 9001ರವರೆಗೆ ಹೋಗಬಹುದು. ಹೊಸ ಕಾಂಕ್ರೀಟ್ ಒಣಗುತ್ತ ತಿಳಿಯಾಗುತ್ತದೆ ಎಂಬುದು ನೆನಪಿರಲಿ. ಒದ್ದೆ ಗೋಡೆಯ ಎದುರು ಬಣ್ಣ ಆರಿಸಬೇಡಿ.

ಕಪ್ಪು, ಕಡುಹಸಿರು, ಕಡುನೀಲಿ ಗೋಡೆಗಳಲ್ಲಿ ಕೆನೆಬಿಳಿ ಬಾಗಿಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕತ್ತಲೆ ಹಿನ್ನೆಲೆಯ ಮೇಲಿನ ತಿಳಿ ಆಕಾರ ಹಿಗ್ಗಿದಂತೆ ತೋರುವುದು ಬಹು ಹಿಂದೆಯೇ ಗುರುತಿಸಿದ ದೃಷ್ಟಿಭ್ರಮೆ. ಇಕ್ಕಟ್ಟಾದ ಬಾಗಿಲಿಗೆ ಇದು ವರ. ಇಲ್ಲಿ ಆಳವಾದ ಕೆನೆಬಿಳಿಯನ್ನೇ ಆರಿಸಿ. 70ರ ಆಸುಪಾಸಿನ ಎಲ್‌ಆರ್‌ವಿ ಕೂಡ ಅಲ್ಲಿ ಬೆಳ್ಳಗೇ ಕಾಣುತ್ತದೆ. ಅದಕ್ಕಿಂತ ತಿಳಿಯಾದದ್ದು ಬಿಸಿಲಿನಲ್ಲಿ ಕಣ್ಣಿಗೆ ಚುಚ್ಚುತ್ತದೆ.

ಮರಳು, ಬೀಜ್ ಎಂಬ ತಿಳಿಕಂದು, ತಿಳಿಹಳದಿ ಗೋಡೆಗಳ ಬಗ್ಗೆ ನನ್ನ ಅಭಿಪ್ರಾಯ ಚುಟುಕು: ಕೆನೆಬಿಳಿ ಬೇಡ. ಹಟವಿದ್ದರೆ ಗೋಡೆಯ ಒಳಛಾಯೆಯನ್ನೇ ಹಿಡಿದು, ಅದಕ್ಕಿಂತ ಸ್ಪಷ್ಟವಾಗಿ ತಿಳಿಯಾದದ್ದನ್ನು ತನ್ನಿ. ಗುಲಾಬಿ ವಾಲಿಕೆಯ ಬೀಜ್‌ಗೆ ಹಳದಿ ಕೆನೆ ಯಾವತ್ತೂ ಕೂಡಿ ಬರುವುದಿಲ್ಲ.

ಮರದ ಹೊದಿಕೆಯ ಮನೆಗೆ ಒಂದು ಎಚ್ಚರಿಕೆ ಮಾತ್ರ. ಎಣ್ಣೆ, ವಾರ್ನಿಶ್ ಇಲ್ಲದೆ ಬಿಟ್ಟ ಮರ ಬಿಸಿಲು ಮಳೆಗೆ ಬೆಳ್ಳಿಬೂದಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ. ಇವತ್ತಿನ ಕಿತ್ತಳೆ ಮರಕ್ಕೂ ನಾಳಿನ ಬೂದು ಮರಕ್ಕೂ ಸಲ್ಲುವ, ಹಳದಿ ಕಡಿಮೆ ಇರುವ ಬಿಳಿ ಬೇಕು.

ಬೆಳಕು

ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಮುಖ ಮಾಡಿದ ಬಾಗಿಲಿಗೆ ಬಹುಪಾಲು ಆಕಾಶದ ಬೆಳಕಷ್ಟೇ ಸಿಗುತ್ತದೆ. ದಕ್ಷಿಣಾರ್ಧಗೋಳದಲ್ಲಿ ಇದು ತಿರುವುಮುರುವು, ಭೂಮಧ್ಯರೇಖೆಯ ಹತ್ತಿರ ಋತುವಿನೊಂದಿಗೆ ಬದಲಾಗುತ್ತದೆ. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ. ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್, ಮೋಡದ ದಿನ 6500ರ ಹತ್ತಿರ, ನೀಲಿ ಆಕಾಶದ ನೆರಳು ಅದಕ್ಕೂ ಮೇಲೆ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಸದಾ ನೆರಳಿನ ಬಾಗಿಲಿಗೆ ಒಂದು ಹಂತ ಹೆಚ್ಚು ಬೆಚ್ಚಗಿನ ಬಿಳಿ, ಪಶ್ಚಿಮದ ಇಳಿಬಿಸಿಲು ಹೊಡೆಯುವ ಬಾಗಿಲಿಗೆ ಒಂದು ಹಂತ ಕಡಿಮೆ.

ಪಾಠಗಳಲ್ಲಿ ಹೆಚ್ಚು ಹೇಳದ ಬೆಳಕೊಂದಿದೆ, ನೆಲದಿಂದ ಎದ್ದು ಬರುವುದು. ಎದುರಿಗೆ ಹುಲ್ಲುಹಾಸಿದ್ದರೆ ಬಾಗಿಲಿನ ಕೆಳಭಾಗಕ್ಕೆ ಹಸಿರು, ಕೆಂಪು ಹಾಸುಗಲ್ಲಿದ್ದರೆ ಕೆಂಪು ಅಂಟುತ್ತದೆ. ಗಾಢ ಬಾಗಿಲುಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಕೆನೆಬಿಳಿಯಲ್ಲಿ ಎದ್ದು ಕಾಣುತ್ತದೆ. ಇರುಳಿನಲ್ಲಿ 2700ರಿಂದ 3000 ಕೆಲ್ವಿನ್ ದೀಪ ಹಾಕಿದರೆ ಕೆನೆ ಮತ್ತಷ್ಟು ಕೆನೆಯಾಗುತ್ತದೆ. 6500ರ ದೀಪ ಹಾಕಿದರೆ ಇಷ್ಟೆಲ್ಲ ತಲೆಕೆಡಿಸಿಕೊಂಡು ಆರಿಸಿದ ಬೆಚ್ಚನೆ ಛಾಯೆ ಸಂಜೆಯಾದೊಡನೆ ಮಾಯ.

ಬಾಗಿಲಿನ ಮೈ, ಚೌಕಟ್ಟು, ಹಿಡಿ

ತಿಳಿ ಬಣ್ಣಕ್ಕೆ ಒಂದು ದೊಡ್ಡ ಗುಣವಿದೆ: ನೆರಳನ್ನು ತೋರಿಸುತ್ತದೆ. ಚೌಕ ಹಲಗೆಗಳೂ ಅಂಚುಪಟ್ಟಿಗಳೂ ಇರುವ ಬಾಗಿಲಿನ ಕೆತ್ತನೆಯನ್ನು ಕಪ್ಪು ಬಣ್ಣ ನುಂಗಿಬಿಡುತ್ತದೆ, ಕೆನೆಬಿಳಿ ಒಂದೊಂದು ಗೆರೆಯನ್ನೂ ಎತ್ತಿ ಹಿಡಿಯುತ್ತದೆ. ಅದೇ ಕಾರಣಕ್ಕೆ ಸಪಾಟು ಬಾಗಿಲಿಗೆ ಕೆನೆಬಿಳಿ ಬಳಿದರೆ ಬೋಳುಬೋಳು. ಅಲ್ಲಿ ಉದ್ದನೆಯ ಹಿಡಿಯೋ ಗಾಜಿನ ಸೀಳೋ ಬೇಕೇ ಬೇಕು. ಹಳೆಯ, ಉಬ್ಬುತಗ್ಗು ಇರುವ ಬಾಗಿಲಿಗೆ ಸ್ಯಾಟಿನ್ ಎಂಬ ಮೆಲುಹೊಳಪಿನ ಮೆರುಗು ಒಳ್ಳೆಯದು. ಪೂರ್ತಿ ಹೊಳಪಿನ ಮೆರುಗು ಪ್ರತಿ ಗಾಯವನ್ನೂ ಮೆರೆಸುತ್ತದೆ.

ಇನ್ನೊಂದು ಲಾಭ ಬಿಸಿಲಿನದು. ಗಾಢ ಬಾಗಿಲು ಶಾಖ ಹೀರಿ ಹೆಚ್ಚು ಹಿಗ್ಗುತ್ತದೆ, ಕೆನೆಬಿಳಿಗೆ ಆ ಕಾಟ ಕಡಿಮೆ. ನೇರ ಬಿಸಿಲಿನ ಫೈಬರ್‌ಗ್ಲಾಸ್, ಪಿವಿಸಿ ಬಾಗಿಲುಗಳಿಗೆ ಗಾಢ ಬಣ್ಣ ಹಚ್ಚಬೇಡಿ ಎಂದು ಹಲವು ತಯಾರಕರು ಹೇಳುವುದೂ ಇದಕ್ಕೇ.

ಚೌಕಟ್ಟನ್ನು ಬಾಗಿಲಿನದೇ ಬಣ್ಣಕ್ಕೆ ತಂದರೆ ದ್ವಾರ ಒಟ್ಟಾಗಿ ಅಗಲವಾಗಿ ತೋರುತ್ತದೆ, ಗೋಡೆಯ ಬಣ್ಣಕ್ಕೆ ತಂದರೆ ಬಾಗಿಲು ಒಂಟಿಯಾಗಿ ಚೂಪಾಗಿ ನಿಲ್ಲುತ್ತದೆ. ಅಂಚಿನ ಸುತ್ತ ಬರುವ ರಬ್ಬರ್ ಪಟ್ಟಿ ಕಪ್ಪಾಗಿದ್ದರೆ ಕೆನೆಬಿಳಿಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಬಿಳಿ ಪಟ್ಟಿ ಕೇಳಿ ತರಿಸಿ. ಒಳಗೆ ತೆರೆಯುವ ಬಾಗಿಲಿನ ಒಳಬಣ್ಣ ಬೇರೆಯಿದ್ದರೆ, ಬೀಗದ ಕಡೆಯ ಅಂಚಿಗೆ ಒಳಬಣ್ಣ, ಬಿಜಾಗರಿಯ ಕಡೆಯ ಅಂಚಿಗೆ ಹೊರಬಣ್ಣ ಹಚ್ಚುವುದು ರೂಢಿ. ಬಾಗಿಲು ತೆರೆದು ನಿಂತಾಗ ಆಯಾ ಕಡೆಯವರಿಗೆ ಕಾಣುವುದು ಆಯಾ ಅಂಚೇ.

ಹಿಡಿ, ಬೀಗಕ್ಕೆ ಹಿತ್ತಾಳೆ ಹಚ್ಚಿದರೆ ಕೆನೆಬಿಳಿಯ ಹಳದಿಯೊಂದಿಗೆ ಒಂದೇ ಮಾತಾಡುತ್ತದೆ. ಲ್ಯಾಕರ್ ಎಂಬ ಕಾಪು ಲೇಪ ಇಲ್ಲದ ಹಿತ್ತಾಳೆ ಕಾಲಕ್ರಮೇಣ ಕಂದಾಗುತ್ತದೆ, ಅದೂ ಚೆಂದವೇ. ಕಪ್ಪು ಕಬ್ಬಿಣದ್ದು ಬೂದು ಗೋಡೆಗೂ ಇಟ್ಟಿಗೆಗೂ ಸೈ. ಕ್ರೋಮ್ ತಣ್ಣನೆಯ ಲೋಹ. ಬಾಗಿಲಿನ ಬೆಚ್ಚನೆ ಕಳೆಗೂ ಅದಕ್ಕೂ ಜಗಳ, ನಾನಾದರೆ ತೆಗೆಯುವುದಿಲ್ಲ. ಕೈಕಲೆ ಹಿಡಿಯ ಸುತ್ತ ಬಂದೇ ಬರುತ್ತದೆ. ಹಿಡಿಯ ಹಿಂದೆ ಅಗಲವಾದ ತಗಡು, ಬುಡದಲ್ಲಿ ಒದೆತಗಡು ಹಾಕಿದರೆ ಒರೆಸುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ನೋಡಿ ತೀರ್ಮಾನಿಸುವ ಬಗೆ

ಸ್ಯಾಂಪಲನ್ನು ಹಳೆಯ ಬಾಗಿಲಿನ ಮೇಲೇ ಬಳಿದರೆ ಹಳೆಬಣ್ಣವೇ ನೆರೆಬಣ್ಣವಾಗಿ ಕಣ್ಣನ್ನು ಮೋಸಗೊಳಿಸುತ್ತದೆ. ದಪ್ಪ ರಟ್ಟಿಗೋ ಹಲಗೆಗೋ ಅಂಚಿನವರೆಗೆ ಎರಡು ಕೋಟು ಹಚ್ಚಿ, ಒಣಗಿದ ಮೇಲೆ ಬಾಗಿಲಿನ ಜಾಗದಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿ. ಮಲಗಿಸಿ ನೋಡಿದ್ದು ಲೆಕ್ಕಕ್ಕಿಲ್ಲ, ನಿಂತ ಮೈಗೆ ಬೀಳುವ ಬೆಳಕೇ ಬೇರೆ. ಬೆಳಿಗ್ಗೆ, ನಡುಹಗಲು, ಮೋಡವಿದ್ದಾಗ, ದೀಪ ಹಚ್ಚಿದಾಗ ನೋಡಿ. ದಾರಿಯ ಅಂಚಿಗೆ ಹೋಗಿ ದೂರದಿಂದಲೂ ಒಮ್ಮೆ ನೋಡಿ.

ಬಹಳ ಹಳೆಯ ಬಾಗಿಲಾದರೆ ಉಜ್ಜುವ ಮೊದಲು ಸೀಸದ ಪರೀಕ್ಷೆ ಮಾಡಿಸಿ. ಟೈಟಾನಿಯಂ ಬಳಕೆಗೆ ಬರುವ ಮುಂಚೆ ಬಿಳಿ ಎಂದರೆ ಹೆಚ್ಚಾಗಿ ಸೀಸದ ಬಿಳಿಯೇ. ಅದರ ದೂಳು ವಿಷ, ಮಕ್ಕಳಿಗಂತೂ ಇನ್ನೂ ಅಪಾಯ.

ಕೆಲಸ ಮುಗಿದ ಮೇಲೆ ಬಣ್ಣದ ಸಂಕೇತ, ಮೆರುಗಿನ ಹೆಸರು, ಡಬ್ಬಿಯ ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದೆ ಗೀರು ಬಿದ್ದಾಗ ಅಷ್ಟಕ್ಕೇ ತೇಪೆ ಹಚ್ಚಬೇಡಿ. ಬಿಸಿಲಿಗೆ ಬದಲಾದ ಹಳೆ ಪದರದ ಮೇಲೆ ಅದೇ ಡಬ್ಬಿಯ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಗೀರು ಬಿದ್ದ ಪಟ್ಟಿಯನ್ನೋ ಹಲಗೆಯನ್ನೋ ಒಂದು ಜೋಡಣೆಯಿಂದ ಇನ್ನೊಂದು ಜೋಡಣೆಯವರೆಗೆ ಪೂರ್ತಿ ಬಳಿಯಿರಿ.