ಲಿನಕ್ಸ್‌ಗೆ ಬಂದ ಮೇಲೆ: ದಿನದ ಕೆಲಸಕ್ಕೆ ಯಾವ ತಂತ್ರಾಂಶ, ಹಳೆಯ ನುಡಿ ಕಡತಗಳಿಗೆ ಯಾವ ದಾರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಜೊತೆಗೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್. ಇವೆರಡೂ ಇಲ್ಲದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ರೂಪಗಳಾದ ಮಿಂಟ್ ಅಥವಾ ಉಬುಂಟು ಹಾಕಿಕೊಂಡವರು ಅನೇಕರು. ಹಾಕಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ತೊಡಕು ಶುರುವಾಗುವುದು ಮರುದಿನ, ದಿನವೂ ಬಳಸುತ್ತಿದ್ದ ತಂತ್ರಾಂಶಗಳು ಕಾಣದೆ ಹೋದಾಗ.

ಆಗ ಹೆಚ್ಚಿನವರು ಹಳೆಯ ಅಭ್ಯಾಸದಂತೆ ಗೂಗಲ್‌ನಲ್ಲಿ ಹುಡುಕಿ, ವಿಂಡೋಸ್‌ಗೆ ಮಾಡಿದ ಸೆಟಪ್ ಕಡತವೊಂದನ್ನು ಇಳಿಸಿಕೊಂಡು, ಎರಡು ಸಲ ಕ್ಲಿಕ್ಕಿಸಿ, ಏನೂ ಆಗದೆ ಕೂರುತ್ತಾರೆ. ಲಿನಕ್ಸ್‌ನಲ್ಲಿ ತಂತ್ರಾಂಶ ಬರುವ ದಾರಿಯೇ ಬೇರೆ. ಮಿಂಟ್‌ನ ಮೆನುವಿನಲ್ಲಿರುವ ‘ಸಾಫ್ಟ್‌ವೇರ್ ಮ್ಯಾನೇಜರ್’ ಒಂದು ಉಗ್ರಾಣವಿದ್ದಂತೆ. ಅಲ್ಲಿಂದ ತಂದದ್ದು ಆಮೇಲೆ ‘ಅಪ್‌ಡೇಟ್ ಮ್ಯಾನೇಜರ್’ ಮೂಲಕ ಎಲ್ಲದರ ಜೊತೆಗೇ ಹೊಸದಾಗುತ್ತಿರುತ್ತದೆ. ಹುಡುಕುವಾಗ ತಂತ್ರಾಂಶದ ಹೆಸರನ್ನು ಬಿಟ್ಟು ಕೆಲಸವನ್ನು ಹೇಳಿ. ಫೋಟೋಶಾಪ್ ಎಂದು ಹುಡುಕಿದರೆ ಫೋಟೋಶಾಪ್ ಸಿಗುವುದಿಲ್ಲ. ‘ಇಮೇಜ್ ಎಡಿಟರ್’ ಎಂದರೆ ಗಿಂಪ್, ಕ್ರಿಟಾ ಎರಡೂ ಬರುತ್ತವೆ.

ಒಂದೇ ತಂತ್ರಾಂಶ ಅಲ್ಲಿ ಎರಡು ರೂಪದಲ್ಲಿ ಕಾಣಬಹುದು: ಸಿಸ್ಟಮ್ ಪ್ಯಾಕೇಜ್ ಮತ್ತು ಫ್ಲ್ಯಾಟ್‌ಪ್ಯಾಕ್. ಸಿಸ್ಟಮ್ ಪ್ಯಾಕೇಜ್ ಚಿಕ್ಕದು, ಬೇಗ ಇಳಿಯುತ್ತದೆ, ಆದರೆ ಒಂದೆರಡು ವರ್ಷ ಹಳೆಯ ಆವೃತ್ತಿಯಾಗಿರಬಹುದು. ಫ್ಲ್ಯಾಟ್‌ಪ್ಯಾಕ್ ಹೊಸ ಆವೃತ್ತಿ ಕೊಡುತ್ತದೆ. ಮೊದಲ ಸಲ ಫ್ಲ್ಯಾಟ್‌ಪ್ಯಾಕ್ ಹಾಕುವಾಗ ಅದಕ್ಕೆ ಬೇಕಾದ ಅಡಿಪಾಯವೂ ಸೇರಿ ನೂರಾರು ಎಂಬಿ ಇಳಿಯುತ್ತದೆ. ಮೊಬೈಲ್ ಡೇಟಾ ನೆಚ್ಚಿಕೊಂಡವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಫ್ಲ್ಯಾಟ್‌ಪ್ಯಾಕ್ ತನ್ನದೇ ಬೇಲಿಯೊಳಗೆ ಓಡುವುದರಿಂದ ಕೆಲವೊಮ್ಮೆ ಪೆನ್‌ಡ್ರೈವ್‌ನಲ್ಲಿರುವ ಕಡತ ಅದಕ್ಕೆ ಕಾಣುವುದೇ ಇಲ್ಲ. ಕಡತ ಹಾಳಾಗಿದೆ ಎಂದು ಗಾಬರಿಯಾಗಬೇಕಿಲ್ಲ. ‘ಫ್ಲ್ಯಾಟ್‌ಸೀಲ್’ ಹಾಕಿಕೊಂಡು ಆ ತಂತ್ರಾಂಶಕ್ಕೆ ಅನುಮತಿ ಕೊಟ್ಟರೆ ಸರಿಹೋಗುತ್ತದೆ. ಮಿಂಟ್ 22ರಿಂದೀಚೆಗೆ, ಯಾರು ಪ್ರಕಟಿಸಿದ್ದೆಂದು ಪರಿಶೀಲನೆಯಾಗದ ಫ್ಲ್ಯಾಟ್‌ಪ್ಯಾಕ್‌ಗಳನ್ನು ತಾನಾಗಿ ತೋರಿಸುವುದಿಲ್ಲ. ಅದನ್ನು ಹಾಗೆಯೇ ಬಿಡುವುದು ಕ್ಷೇಮ.

ಸಾಮಾನ್ಯ ಕೆಲಸಗಳು ಬೇಗ ಮುಗಿಯುತ್ತವೆ. ಸಿನಿಮಾ, ಹಾಡಿಗೆ ವಿಎಲ್‌ಸಿ. ಪಿಡಿಎಫ್ ಪುಟಗಳನ್ನು ಜೋಡಿಸಲು, ಬಿಡಿಸಲು ಪಿಡಿಎಫ್ ಅರೇಂಜರ್. ಅರ್ಜಿಯ ಮೇಲೆ ಬರೆಯಲು, ಸಹಿಯ ಚಿತ್ರ ಅಂಟಿಸಲು ಜರ್ನಲ್ ಪ್ಲಸ್ ಪ್ಲಸ್ (Xournal++). ವಾಟ್ಸಾಪ್ ಬ್ರೌಸರ್‌ನಲ್ಲೇ ತೆರೆಯುತ್ತದೆ. ಮಿಂಟ್‌ನ ‘ವೆಬ್ ಆ್ಯಪ್ಸ್’ ಬಳಸಿ ಅದಕ್ಕೊಂದು ಐಕಾನ್ ಮಾಡಿಕೊಂಡರೆ ಬೇರೆ ಕಿಟಕಿಯಲ್ಲೇ ಇರುತ್ತದೆ. ಮುದ್ರಿತ ಕನ್ನಡ ಪುಟವನ್ನು ಪಠ್ಯವಾಗಿಸಲು ಟೆಸೆರಾಕ್ಟ್‌ನ ಕನ್ನಡ ದತ್ತಾಂಶ ಹಾಕಿಕೊಂಡು, ಜಿಇಮೇಜ್‌ರೀಡರ್ ಮೂಲಕ ಓದಿಸಬಹುದು. ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಅದಕ್ಕಿಂತ ಕಡಿಮೆಯಾದರೆ ಒತ್ತಕ್ಷರಗಳು ಕಲಸಿಹೋಗುತ್ತವೆ.

ವರ್ಡ್, ಎಕ್ಸೆಲ್ ಜಾಗಕ್ಕೆ ಲಿಬ್ರೆ ಆಫೀಸ್ ಮೊದಲೇ ಬಂದಿರುತ್ತದೆ. ‘ಲೇಔಟ್ ಕೆಟ್ಟಿತು’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಫಾಂಟ್. ವರ್ಡ್‌ನಲ್ಲಿ ಕ್ಯಾಲಿಬ್ರಿ ಬಳಸಿದ ಪತ್ರ ಇಲ್ಲಿ ತೆರೆದಾಗ ಆ ಫಾಂಟ್ ಇಲ್ಲದಿದ್ದರೆ ಅಗಲ ಬೇರೆಯಿರುವ ಇನ್ನೊಂದು ಬಂದು ಕೂರುತ್ತದೆ, ಸಾಲುಗಳು ಜಾರುತ್ತವೆ, ಎರಡು ಪುಟದ ಪತ್ರ ಮೂರಾಗುತ್ತದೆ. ಕಾರ್ಲಿಟೊ ಎಂಬ ಮುಕ್ತ ಫಾಂಟಿನ ಅಕ್ಷರಗಳ ಅಗಲ ಕ್ಯಾಲಿಬ್ರಿಯಷ್ಟೇ. ಕ್ಯಾಂಬ್ರಿಯಾಕ್ಕೆ ಅದೇ ರೀತಿ ಕ್ಯಾಲಡಿಯಾ ಇದೆ. ಏರಿಯಲ್, ಟೈಮ್ಸ್ ನ್ಯೂ ರೋಮನ್‌ಗಳಿಗೆ ಲಿಬರೇಶನ್ ಬಳಗ. ಕನ್ನಡದ ತುಂಗಾ, ನಿರ್ಮಲಾಗಳಿಗೆ ಅಂಥ ತದ್ರೂಪವಿಲ್ಲ. ಹಾಗಾಗಿ ಕನ್ನಡ ದಾಖಲೆಯನ್ನು ಇನ್ನೊಬ್ಬರಿಗೆ ಬರೀ ಓದಲು ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ.

ಪ್ರಿಂಟರ್ ವಿಷಯ ಮಿಶ್ರ. ಈಚಿನ ವೈಫೈ ಪ್ರಿಂಟರ್‌ಗಳು ಬಹುಮಟ್ಟಿಗೆ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಎಚ್‌ಪಿ ಲೇಸರ್‌ಜೆಟ್ 1020ರಂಥ ಹಳೆಯವು ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್‌ನಿಂದ ಫರ್ಮ್‌ವೇರ್ ಪಡೆಯಬೇಕು. ಎಚ್‌ಪಿಲಿಪ್ ಎಂಬ ಚಾಲಕ ತಂತ್ರಾಂಶ ಹಾಕಿ, ಅದರ ಪ್ಲಗಿನ್ ಇಳಿಸದಿದ್ದರೆ ಕೆಲಸ ಸಾಲಿನಲ್ಲಿ ನಿಂತೇ ಇರುತ್ತದೆ, ಕಾಗದ ಹೊರಬರುವುದಿಲ್ಲ. ಟ್ಯಾಲಿಯಂತೂ ವಿಂಡೋಸ್‌ಗಾಗಿಯೇ ಇರುವುದು. ಅದರ ಮೇಲೆ ನಡೆಯುವ ಅಂಗಡಿಯವರು ವಿಂಡೋಸನ್ನು ಒಂದು ಪಾರ್ಟಿಶನ್‌ನಲ್ಲಿ ಉಳಿಸಿಕೊಳ್ಳುವುದೇ ಸರಿ, ಅಥವಾ 8 ಜಿಬಿ ರ್‍ಯಾಮ್ ಇದ್ದರೆ 4 ಜಿಬಿ ಕೊಟ್ಟು ವಿಂಡೋಸನ್ನು ಲಿನಕ್ಸ್‌ನೊಳಗೇ ವರ್ಚುವಲ್‌ಬಾಕ್ಸ್‌ನಲ್ಲಿ ಓಡಿಸಬಹುದು. ತಿಂಗಳ ಲೆಕ್ಕ ಒಪ್ಪಿಸುವ ಹೊತ್ತಿನಲ್ಲಿ, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ‘ವೈನ್’ ಮೂಲಕ ಪ್ರಯೋಗ ಮಾಡುವುದು ಬೇಡ.

ಇನ್ನು ಕನ್ನಡ. ಬೆರಳುಗಳಿಗೆ ‘ನುಡಿ’ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಕೀಲಿಮಣೆಯ ಅಭ್ಯಾಸವಾಗಿದ್ದರೆ ಅದನ್ನು ಬಿಡಬೇಕಾಗಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್ ಎಂ17ಎನ್’ (ibus-m17n) ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಐಬಸ್ ಆಯ್ಕೆಗಳಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಎಂದಿರುವುದನ್ನು ಸೇರಿಸಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಅದೇ. ಸೂಪರ್ ಕೀ (ವಿಂಡೋಸ್ ಚಿಹ್ನೆಯ ಕೀಲಿ) ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಪರೀಕ್ಷೆಗೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ, ‘ಕನ್ನಡ’ ಬರಬೇಕು. ಲಾಗ್‌ಔಟ್ ಆಗದೆ ಹುಡುಕಿದರೆ ಪಟ್ಟಿಯಲ್ಲಿ ಕನ್ನಡ ಕಾಣದಿರಬಹುದು. ಲಿಬ್ರೆ ಆಫೀಸ್‌ನಲ್ಲಿ ಇಂಗ್ಲಿಷ್ ಫಾಂಟ್ ಬೇರೆ, ಕನ್ನಡ ಫಾಂಟ್ ಬೇರೆ ಎಂದು ನೆನಪಿಡಿ. ಭಾಷೆಯ ಆಯ್ಕೆಗಳಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಅನ್ನು ಚಾಲೂ ಮಾಡಿ ಕನ್ನಡಕ್ಕೆ ಲೋಹಿತ್ ಅಥವಾ ನೋಟೊ ಆರಿಸಿದರೆ, ಗಾತ್ರ ಒಂದಕ್ಕೆ ಬದಲಾಗಿ ಇನ್ನೊಂದಕ್ಕೆ ಆಗದಿರುವ ಗೊಂದಲ ಇರುವುದಿಲ್ಲ.

ನಿಜವಾದ ಇಕ್ಕಟ್ಟು ಹಳೆಯ ಕಡತಗಳದ್ದು. ಹತ್ತಿಪ್ಪತ್ತು ವರ್ಷಗಳ ಪತ್ರ, ಲೇಖನ, ಆಮಂತ್ರಣಗಳು ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ, ಕಡತದೊಳಗೆ ಕನ್ನಡವೇ ಇರುವುದಿಲ್ಲ. ‘ಕನ್ನಡ’ ಎಂಬ ಪದ ಅಲ್ಲಿ ಏಳು ಚಿಹ್ನೆಗಳಾಗಿ ಕುಳಿತಿದೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಆ ಎ. ನುಡಿ ಫಾಂಟ್ ಇವುಗಳಿಗೆ ಕನ್ನಡದ ತುಂಡುಗಳ ಆಕಾರ ತೊಡಿಸುತ್ತದೆ, ಅಷ್ಟೇ. ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಸಂಖ್ಯೆಗಳಿವೆ. ಅದೇ ಪದ ಅಲ್ಲಿ 3221, 3240, 3277, 3240, 3233 ಎಂದಿರುತ್ತದೆ. ಇದರಲ್ಲಿ 3277 ಅರ್ಧಾಕ್ಷರದ ಚಿಹ್ನೆ.

ಬರೀ ತೆರೆದು ನೋಡಲು, ಮುದ್ರಿಸಲು ನುಡಿಯ ಫಾಂಟ್ ಕಡತವನ್ನು ಡಬಲ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದರೆ ಸಾಕು. ಪೇಜ್‌ಮೇಕರ್ 6.5, 7ರ ಕಡತಗಳನ್ನೂ ಲಿಬ್ರೆ ಆಫೀಸ್ ಡ್ರಾ ತಕ್ಕಮಟ್ಟಿಗೆ ತೆರೆಯುತ್ತದೆ. ಹೊಸ ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಬಳಸಿ. ಅದರ 1.4 ಸರಣಿಯಲ್ಲಿ ಒತ್ತಕ್ಷರ ಸರಿಯಾಗಿ ಕೂಡುತ್ತಿರಲಿಲ್ಲ, 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕೂಡುತ್ತದೆ.

ತಿದ್ದಲು, ಹುಡುಕಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಕನ್ನಡದ ಸ್ವಯಂಸೇವಕರು ಬರೆದಿಟ್ಟ ಮುಕ್ತ ಪರಿವರ್ತಕಗಳು ಬ್ರೌಸರ್‌ನಲ್ಲೇ ಓಡುತ್ತವೆ. ಎಡವುವುದು ಎರಡು ಕಡೆ. ಒಂದು, ಕಡತದಲ್ಲಿ ಇಂಗ್ಲಿಷ್ ಪದಗಳೂ ಇದ್ದರೆ ಪರಿವರ್ತಕಕ್ಕೆ ಫಾಂಟ್ ಗೊತ್ತಾಗದು, ಅವನ್ನೂ ಕನ್ನಡದ ತುಂಡುಗಳಾಗಿ ಮಾಡಿಬಿಡುತ್ತದೆ. ಲಿಬ್ರೆ ಆಫೀಸ್‌ನ ‘ಫೈಂಡ್ ಅಂಡ್ ರಿಪ್ಲೇಸ್’ನಲ್ಲಿ ಫಾರ್ಮ್ಯಾಟ್ ಒತ್ತಿ ನುಡಿ ಫಾಂಟ್ ಆರಿಸಿ, ‘ಫೈಂಡ್ ಆಲ್’ ಕೊಟ್ಟರೆ ಆ ಫಾಂಟಿನ ಭಾಗಗಳಷ್ಟೇ ಗುರುತಾಗುತ್ತವೆ. ಅವನ್ನು ಮಾತ್ರ ಪರಿವರ್ತಿಸಿ. ಇನ್ನೊಂದು ಅರ್ಕಾವತ್ತು. ‘ಕರ್ನಾಟಕ’ ಬರೆಯುವಾಗ ಆಸ್ಕಿಯಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಅದೇ ‘ರ್’ ಆಗಿ ‘ನಾ’ಗಿಂತ ಮುಂಚೆ ಇರಬೇಕು. ಪರಿವರ್ತಕ ಈ ಸ್ಥಾನಪಲ್ಲಟ ಮಾಡಬೇಕು, ಮೂರಕ್ಷರ ಕೂಡಿದ ಒತ್ತುಗಳಲ್ಲಿ ಕೆಲವು ಸಲ ತಪ್ಪುತ್ತದೆ. ಆದ್ದರಿಂದ ಪರಿವರ್ತಿಸುವ ಮುಂಚೆ ಹಳೆಯ ಕಡತವನ್ನು ನುಡಿ ಫಾಂಟಿನಲ್ಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಅದನ್ನು ಎಡಕ್ಕೂ ಹೊಸದನ್ನು ಬಲಕ್ಕೂ ಇಟ್ಟು, ‘ರ್’ ಹುಡುಕುತ್ತಾ ಒಂದೊಂದೇ ಪದ ತಾಳೆ ನೋಡಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.