ಸೀರೆ ಗಾರ್ಡ್‌ನಿಂದ ಶುರು ಮಾಡೋಣ: ಗಾಯ ತಡೆಯುವ ಕಾನೂನುಗಳ ಟಿಪ್ಪಣಿ

ಈ ಅಧ್ಯಾಯ ಓದುವ ಮೊದಲು ಪುಸ್ತಕ ಮುಚ್ಚಿ, ಹೊರಗೆ ನಿಂತಿರುವ ಯಾವುದಾದರೂ ಬೈಕಿನ ಹಿಂದಿನ ಚಕ್ರ ನೋಡಿ ಬನ್ನಿ. ಎಡಗಡೆ ಚಕ್ರಕ್ಕೆ ಅಡ್ಡವಾಗಿ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಅದೇ ಸೀರೆ ಗಾರ್ಡ್. ಸೀಟಿನ ಪಕ್ಕದಲ್ಲೋ ಹಿಂದೆಯೋ ಕೈಗೆ ಒಂದು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರುತ್ತವೆ. ಇವನ್ನು ಕಂಪನಿಯ ಇಷ್ಟಕ್ಕೆ ಬಿಟ್ಟಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಅಂತ ಒಂದಿದೆ. ಹಿಂದೆ ಕೂರಲು ಜಾಗ ಇರುವ ಬೈಕಿಗೆ ಹಿಡಿ ಇರಬೇಕು, ಫುಟ್‌ರೆಸ್ಟ್ ಇರಬೇಕು, ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಅಂತ ಅದು ಹೇಳುತ್ತದೆ. ದಿನಾ ನೋಡುತ್ತೇವೆ, ಆದರೆ ಇದೊಂದು ಕಾನೂನು ಅಂತ ನಮಗೆ ಹೊಳೆಯುವುದೇ ಇಲ್ಲ ಅಲ್ವಾ?

ಇದರ ಬೆಲೆ ನನಗೆ ಗೊತ್ತಾದದ್ದು ನಮ್ಮ ಚಿಕ್ಕಮ್ಮನಿಂದ. 2011ರಲ್ಲಿ ಅವರು ಮದುವೆ ಮುಗಿಸಿಕೊಂಡು ಚಿಕ್ಕಪ್ಪನ ಬೈಕಿನಲ್ಲಿ ಮನೆಗೆ ಬರುತ್ತಿದ್ದರು. ಪಂಕ್ಚರ್ ಹಾಕಿಸುವಾಗ ಬಿಚ್ಚಿದ್ದ ಗಾರ್ಡನ್ನು ಚಿಕ್ಕಪ್ಪ ಮತ್ತೆ ಕೂರಿಸಿರಲಿಲ್ಲ, ನಾಳೆ ಹಾಕಿಸಿದರಾಯಿತು ಅಂತ ಅದು ಅಟ್ಟದ ಮೇಲೆ ಕೂತಿತ್ತು. ರೇಷ್ಮೆ ಸೀರೆಯ ಸೆರಗು ಚಕ್ರಕ್ಕೆ ಸುತ್ತಿಕೊಂಡಿತು. ಬೈಕ್ ಜೋರಾಗೇನೂ ಹೋಗುತ್ತಿರಲಿಲ್ಲ, ಆದರೂ ಸೆರಗು ಎಳೆದ ರಭಸಕ್ಕೆ ಚಿಕ್ಕಮ್ಮ ಹಿಮ್ಮುಖವಾಗಿ ಬಿದ್ದು ಭುಜದ ಮೂಳೆ ಮುರಿಯಿತು. ಆ ಸೀರೆಯ ಅಂಚಿನಲ್ಲಿ ಗ್ರೀಸಿನ ಕಪ್ಪು ಇವತ್ತಿಗೂ ಹೋಗಿಲ್ಲ. ಅವರನ್ನು ಆಸ್ಪತ್ರೆಗೆ ಕರೆತಂದ ಆಟೊದವರ ವಿಷಯ ಆಮೇಲೆ ಬರೆಯುತ್ತೇನೆ, ಅದೂ ಈ ಪಾಠದ ಭಾಗವೇ.

ಈಗ ಸಿದ್ಧಾಂತ. ಇಲ್ಲಿ ನೆನಪಿಡಬೇಕಾದ ಹೆಸರು ವಿಲಿಯಂ ಹ್ಯಾಡನ್. ಅಮೆರಿಕದ ವೈದ್ಯರು. 1966ರಲ್ಲಿ ಆ ದೇಶ ವಾಹನ ಸುರಕ್ಷತೆಗೆ ರಾಷ್ಟ್ರೀಯ ಕಾನೂನು ತಂದಾಗ ರಸ್ತೆ ಸುರಕ್ಷತೆಯ ಹೊಸ ಸರ್ಕಾರಿ ಸಂಸ್ಥೆಗೆ ಮೊದಲ ಮುಖ್ಯಸ್ಥರಾದರು. ಅವರ ಯೋಚನೆ ಸರಳ: ದೇಹ ತಡೆದುಕೊಳ್ಳಲಾರದಷ್ಟು ಶಕ್ತಿ ಒಮ್ಮೆಲೇ ಮೈಗೆ ತಾಗಿದರೆ ಅದೇ ಗಾಯ. ಮಲೇರಿಯಾ ರೋಗಾಣುವನ್ನು ಸೊಳ್ಳೆ ಹೊತ್ತು ತರುವ ಹಾಗೆ ಇಲ್ಲಿ ಶಕ್ತಿಯನ್ನು ವಾಹನ ಹೊತ್ತು ತರುತ್ತದೆ. ಹಾಗಿದ್ದ ಮೇಲೆ ಅಪಘಾತವನ್ನು ಹಣೆಬರಹ ಅಂತ ಬಿಡುವುದು ಯಾಕೆ, ಮಲೇರಿಯಾ ತಡೆದಂತೆ ಇದನ್ನೂ ತಡೆಯಬಹುದಲ್ಲ ಅನ್ನುವುದು ಅವರ ವಾದ.

ಅವರ ಹೆಸರಿನ ಕೋಷ್ಟಕ ಪರೀಕ್ಷೆಗೆ ಬಂದೇ ಬರುತ್ತದೆ ಅಂದುಕೊಂಡು ಓದಿ. ಚೌಕಾಬಾರದ ಮನೆಗಳ ಹಾಗೆ ಬರೆದುಕೊಂಡರೆ ಸುಲಭ. ಅಡ್ಡಸಾಲು ಮೂರು: ಘಟನೆಗೆ ಮೊದಲು, ಘಟನೆಯ ಹೊತ್ತಿನಲ್ಲಿ, ಘಟನೆಯ ನಂತರ. ಕಂಬಸಾಲು ನಾಲ್ಕು: ಮನುಷ್ಯ, ವಾಹನ, ಸುತ್ತಲಿನ ಜಾಗ, ಸಮಾಜ. ಒಟ್ಟು 12 ಮನೆ. ಒಂದೊಂದು ಮನೆಯಲ್ಲೂ ಕಾನೂನು ಏನು ಮಾಡಬಹುದು ಅಂತ ಕೇಳಿಕೊಳ್ಳುತ್ತಾ ಹೋಗಿ. ಚಿಕ್ಕಮ್ಮನ ಪ್ರಸಂಗ ಹಾಕಿ ನೋಡಿದರೆ ಗಾರ್ಡ್ ಬರುವುದು ‘ವಾಹನ, ಘಟನೆಗೆ ಮೊದಲು’ ಅನ್ನುವ ಮನೆಯಲ್ಲಿ. ‘ಸೆರಗು ಸರಿಯಾಗಿ ಸುತ್ತಿಕೊಂಡು ಕೂತ್ಕೋ’ ಅಂತ ಅಜ್ಜಿ ಹೇಳುತ್ತಿದ್ದ ಮಾತು ಬರುವುದು ‘ಮನುಷ್ಯ, ಘಟನೆಗೆ ಮೊದಲು’ ಅನ್ನುವ ಮನೆಯಲ್ಲಿ.

ಈ ಎರಡು ಮನೆಗಳ ನಡುವಿನ ವ್ಯತ್ಯಾಸವೇ ನನ್ನ ಪ್ರಕಾರ ಇಡೀ ಅಧ್ಯಾಯದ ತಿರುಳು. ಅಜ್ಜಿಯ ಮಾತು ಪ್ರತಿ ಸಲ ನೆನಪಿರಬೇಕು, ಅವಸರದಲ್ಲೂ, ನಿದ್ದೆಗಣ್ಣಲ್ಲೂ, ತೊಡೆ ಮೇಲೆ ಮಗು ಇದ್ದಾಗಲೂ. ಗಾರ್ಡ್ ಒಮ್ಮೆ ಕೂರಿಸಿದರೆ ಸಾಕು, ಯಾರೂ ಏನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಮೊದಲನೆಯದು ಸಕ್ರಿಯ ರಕ್ಷಣೆ, ಎರಡನೆಯದು ನಿಷ್ಕ್ರಿಯ ರಕ್ಷಣೆ. ‘ನಿಷ್ಕ್ರಿಯ’ ಅಂದ ತಕ್ಷಣ ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ, ಜಾಸ್ತಿ ಕೆಲಸ ಮಾಡುವುದು ಅದೇ. ಇನ್ನೊಂದು ಉದಾಹರಣೆ ಬೇಕಾದರೆ ಎಬಿಎಸ್ ಬರೆಯಿರಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯ. ಗಾಬರಿಯಲ್ಲಿ ಬ್ರೇಕ್ ಒತ್ತಿ ಹಿಡಿದರೂ ಚಕ್ರ ಲಾಕ್ ಆಗದಂತೆ ಅದೇ ನೋಡಿಕೊಳ್ಳುತ್ತದೆ.

ಹೆಲ್ಮೆಟ್ ಮಾತ್ರ ದಿನಾ ನಾವೇ ಹಾಕಿಕೊಳ್ಳಬೇಕಾದದ್ದು, ಅದಕ್ಕೇ ಅದರ ಕಾನೂನು ಅಷ್ಟು ಕಷ್ಟ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 129 ಇದಕ್ಕೆ ಆಧಾರ. 2019ರ ತಿದ್ದುಪಡಿ ಆದ ಮೇಲೆ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕು, ಪೇಟ ಕಟ್ಟುವ ಸಿಖ್ಖರಿಗೆ ವಿನಾಯಿತಿ ಇದೆ. ಸೆಕ್ಷನ್ 194ಡಿ ಪ್ರಕಾರ ದಂಡ 1000 ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಕರ್ನಾಟಕ ಆ ವರ್ಷದ ಸೆಪ್ಟೆಂಬರ್‌ನಲ್ಲೇ ದಂಡವನ್ನು 500ಕ್ಕೆ ಇಳಿಸಿತು. ಹಿಂದೆ ಕೂತವರಿಗೂ ಹೆಲ್ಮೆಟ್ ಅನ್ನುವುದು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ.

ಅಂಕಿಅಂಶ ಬರೆಯುವಾಗ ಒಂದು ಎಚ್ಚರ ಇರಲಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ ದ್ವಿಚಕ್ರ ಸವಾರರು, ಹಿಂಬದಿ ಸವಾರರು ಸೇರಿ 50,029. ಹೆಲ್ಮೆಟ್ ಇದ್ದಿದ್ದರೆ ಇಷ್ಟೂ ಜನ ಉಳಿಯುತ್ತಿದ್ದರು ಅಂತ ಬರೆದರೆ ತಪ್ಪಾಗುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2008ರ ಕಾಕ್ರೇನ್ ವಿಮರ್ಶೆ ಹೇಳುವುದು, ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು 42%, ತಲೆಪೆಟ್ಟಿನ ಅಪಾಯ ಸುಮಾರು 69% ಕಡಿಮೆಯಾಗುತ್ತದೆ ಅಂತ. ಹಾಗಾಗಿ ಎಲ್ಲರೂ ಅಲ್ಲದಿದ್ದರೂ ಸಾವಿರಾರು ಜನ ಈಗ ಮನೆಯಲ್ಲಿ ಇರುತ್ತಿದ್ದರು. ಅಷ್ಟು ಹೇಳಿದರೂ ಕಡಿಮೆ ಮಾತಲ್ಲ.

ಕಾನೂನು ಬರೆದಿಟ್ಟರೆ ಸಾಕಾ, ದಂಡ ಬೇಕಾ? ಇದಕ್ಕೆ ಪಶ್ಚಿಮ ಜರ್ಮನಿಯ ಕಥೆ ಚೆನ್ನಾಗಿದೆ. ಅಲ್ಲಿ 1976ರಲ್ಲೇ ಹೆಲ್ಮೆಟ್ ಕಡ್ಡಾಯ ಮಾಡಿದರು, ದಂಡ ಇರಲಿಲ್ಲ. 1980ರಲ್ಲಿ ಸ್ಥಳದಲ್ಲೇ ದಂಡ ಹಾಕಲು ಶುರು ಮಾಡಿದ ಮೇಲೆ ಹೆಚ್ಚು ಕಡಿಮೆ ಎಲ್ಲರೂ ಹಾಕತೊಡಗಿದರು. ಯಾರೂ ಎಣಿಸದ ಇನ್ನೊಂದು ಫಲವೂ ಸಿಕ್ಕಿತು, ಬೈಕ್ ಕಳ್ಳತನ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷದಿಂದ 1986ರ ಹೊತ್ತಿಗೆ ಐವತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಸುಮ್ನೆ ದಾರಿಯಲ್ಲಿ ನಿಂತಿದ್ದ ಬೈಕ್ ಎತ್ತಿಕೊಂಡು ಹೋಗುವವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲವಲ್ಲ, ಪೊಲೀಸರ ಕಣ್ಣಿಗೆ ತಕ್ಷಣ ಬೀಳುತ್ತಾನೆ.

ಆದರೆ ಬರೀ ದಂಡಕ್ಕೆ ಹೆದರಿ ಹಾಕುವವರು ಏನು ಮಾಡುತ್ತಾರೆ? ಫುಟ್‌ಪಾತಿನಲ್ಲಿ ಸಿಗುವ, ಬೋಗುಣಿ ಬೋರಲು ಹಾಕಿದಂತಿರುವ ಟೋಪಿ ಕೊಳ್ಳುತ್ತಾರೆ. ಬೆರಳಿಂದ ಒತ್ತಿ ನೋಡಿ, ಒಳಗೆ ತೆಳು ಸ್ಪಂಜು ಬಿಟ್ಟರೆ ಏನೂ ಇರುವುದಿಲ್ಲ. ಒಳ್ಳೆಯ ಹೆಲ್ಮೆಟ್‌ನಲ್ಲಿ ಗಟ್ಟಿ ಥರ್ಮಾಕೋಲ್ ಪದರ ಇರುತ್ತದೆ, ಪೆಟ್ಟು ಬಿದ್ದಾಗ ಅದು ಕುಗ್ಗಿ ಶಕ್ತಿಯನ್ನು ತಾನು ನುಂಗುತ್ತದೆ. ಇಲ್ಲೇ ಹ್ಯಾಡನ್ ಮತ್ತೆ ಬರುತ್ತಾರೆ. ಕೊಳ್ಳುವವರಿಗೆ ಬುದ್ಧಿ ಹೇಳುತ್ತಾ ಕೂರುವ ಬದಲು ಮಾರುವುದನ್ನೇ ಕಟ್ಟುಪಾಡಿಗೆ ತರಬಹುದು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಕಾನೂನು ಸರಿಯಾಗಿಯೇ ಇದೆ. ಅದು ಸವಾರನನ್ನು ತಡೆದಷ್ಟೇ ಗಟ್ಟಿಯಾಗಿ ಅಂಗಡಿಯನ್ನೂ ಗೋದಾಮನ್ನೂ ತಡೆಯಬೇಕು.

ಕೋಷ್ಟಕದ ‘ಸುತ್ತಲಿನ ಜಾಗ’, ಅಂದರೆ ರಸ್ತೆಯ ಮನೆಯನ್ನು ನಾವು ಖಾಲಿ ಬಿಡುವುದೇ ಹೆಚ್ಚು. ಹಂಪ್ ನೋಡಿ. ವೇಗವನ್ನು 25 ಕಿಲೋಮೀಟರ್‌ಗೆ ಇಳಿಸಲು ಹಾಕುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಅಂತ ರಸ್ತೆಗಳ ಗುಣಮಟ್ಟ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ. ನಮ್ಮ ಬೀದಿಯ ಹಂಪ್‌ಗೆ ಒಮ್ಮೆ ಟೇಪ್ ಹಿಡಿದೆ, ಒಂದು ಮೀಟರ್ ಅಗಲವೂ ಇರಲಿಲ್ಲ, ಬಿಳಿ ಪಟ್ಟಿ ಅಂತೂ ಇಲ್ಲವೇ ಇಲ್ಲ. ಗಾಯ ತಡೆಯಲು ಹಾಕಿದ್ದೇ ಗಾಯ ಮಾಡುತ್ತದೆ. 2019ರ ತಿದ್ದುಪಡಿಯಲ್ಲಿ ಸೆಕ್ಷನ್ 198ಎ ಸೇರಿಸಿದ್ದಾರೆ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಗುಣಮಟ್ಟಕ್ಕೆ ತಕ್ಕಂತಿಲ್ಲದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಸೆಕ್ಷನ್ 129 ಎಲ್ಲರಿಗೂ ಬಾಯಿಪಾಠ. ಇದನ್ನೂ ಉತ್ತರದಲ್ಲಿ ಬರೆಯಿರಿ, ಜೀವ ಹೋದರೆ ರಸ್ತೆ ಮಾಡಿದವರಿಗೆ ಬೀಳುವ ದಂಡ ಒಂದು ಲಕ್ಷ ದಾಟುವುದಿಲ್ಲ ಅನ್ನುವುದನ್ನೂ ಬರೆಯಿರಿ.

ಇನ್ನು ಮೂರನೆಯ ಅಡ್ಡಸಾಲು, ಘಟನೆಯ ನಂತರ. ಚಿಕ್ಕಮ್ಮನನ್ನು ಎತ್ತಿ ಕೂರಿಸಿಕೊಂಡು ಬಂದ ಆಟೊದವರು ಆಸ್ಪತ್ರೆ ಗೇಟಿನಲ್ಲೇ ಇಳಿಸಿ, ಬಾಡಿಗೆಯನ್ನೂ ತೆಗೆದುಕೊಳ್ಳದೆ ಹೊರಟುಬಿಟ್ಟರು. ‘ಅಣ್ಣಾ, ಹೆಸರಾದ್ರೂ ಹೇಳಿ ಹೋಗಿ’ ಅಂತ ಚಿಕ್ಕಪ್ಪ ಕೂಗಿದರೆ, ‘ಬೇಡ ಸಾರ್, ಸ್ಟೇಷನ್ನು ಕೋರ್ಟು ಅಂತ ಅಲೆಯೋಕೆ ನನ್ನ ಕೈಲಾಗಲ್ಲ’ ಅಂದರಂತೆ. ಆ ಭಯ ಸುಳ್ಳಾಗಿರಲಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಇಂಥ ನೆರವುಗಾರರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ರಾಜ್ಯಗಳಲ್ಲಿ ಇದಕ್ಕೆಂದೇ ಮೊದಲು ಕಾಯ್ದೆ ಮಾಡಿದ್ದು ಕರ್ನಾಟಕ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಕೇಂದ್ರದ ಮೋಟಾರು ವಾಹನ ಕಾಯ್ದೆಗೆ ಇದೇ ರಕ್ಷಣೆ ಕೊಡುವ ಸೆಕ್ಷನ್ 134ಎ ಸೇರಿದ್ದು 2019ರಲ್ಲಿ. 2020ರ ನಿಯಮದಂತೆ ಸರ್ಕಾರಿ, ಖಾಸಗಿ ಎರಡೂ ಬಗೆಯ ಆಸ್ಪತ್ರೆಗಳು ನೆರವುಗಾರರ ಹಕ್ಕುಗಳನ್ನು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಬಾಗಿಲ ಬಳಿ ಕಾಣುವಂತೆ ಹಾಕಬೇಕು.

ಹೋದ ವಾರ ಪೋಸ್ಟಿಂಗ್ ಇದ್ದ ಆಸ್ಪತ್ರೆಯಲ್ಲಿ ಹುಡುಕಿದೆ. ಇಂಗ್ಲಿಷ್ ಬೋರ್ಡ್ ಸಿಕ್ಕಿತು, ಕನ್ನಡದ್ದು ಸಿಗಲಿಲ್ಲ. ಆಡಳಿತ ವಿಭಾಗಕ್ಕೆ ಒಂದು ಅರ್ಜಿ ಬರೆದು ಕೊಟ್ಟಿದ್ದೇನೆ, ಅದರ ಕರಡು ಬೇಕಾದವರು ಕೇಳಿ, ಕಳಿಸುತ್ತೇನೆ.