ಬೆಲ್ಲ ಹಾಕಿದರೆ ಅದು ಶುಗರ್‌ಫ್ರೀ ಪೈ ಅಲ್ಲ

ಬಾಗಲಕೋಟೆಯಲ್ಲಿ ಡಯಟ್ ಕೇಳೋಕೆ ಬರುವವರು ಸಿಹಿ ವಿಷಯ ಬಂದ ಕೂಡಲೇ ಕೇಳೋದು ಒಂದೇ: "ಮೇಡಂ, ಸಕ್ರಿ ಬದ್ಲಿ ಬೆಲ್ಲ ಹಾಕಿದ್ರ ನಡೀತೈತಲ್ರೀ?" ನಡೆಯಲ್ಲ. ಬೆಲ್ಲ, ಖರ್ಜೂರ, ಜೇನುತುಪ್ಪ ಎಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತವೆ.

ಅಮೆರಿಕದ ಪೆಕಾನ್ ಪೈ (ಹಿಟ್ಟಿನ ತಳದ ಮೇಲೆ ಅಖ್ರೋಟ್‌ನಂಥ ಪೆಕಾನ್ ಬೀಜದ ಸಿಹಿ ಹೂರಣ ಹಾಕಿ ಬೇಯಿಸುವ ತಿಂಡಿ) ನಮ್ಮ ಅಮೀನಗಡದ ಕರದಂಟಿಗೆ ದೂರದ ನೆಂಟ. ಕರದಂಟಿನಲ್ಲಿ ಬೀಜ ಹಿಡಿದಿಡೋದು ಬೆಲ್ಲದ ಪಾಕ, ಪೈನಲ್ಲಿ ಕಾರ್ನ್ ಸಿರಪ್ಪು (ಮೆಕ್ಕೆಜೋಳದ ಸಿಹಿ ಪಾಕ), ಮೊಟ್ಟೆ. ತಳದಲ್ಲಿ ಮೈದಾ, ಅದೂ ಹೊಟ್ಟೆಯಲ್ಲಿ ಸಕ್ಕರೆಯಾಗುವ ಕಾರ್ಬೇ (ಕಾರ್ಬೋಹೈಡ್ರೇಟ್) ಅಲ್ವಾ? ಸಿರಪ್ಪು ಮಾತ್ರ ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ, ಶುಗರ್‌ಫ್ರೀ ಪೈ ಬೇಕಾದರೆ ತಳವನ್ನೂ ಬದಲಿಸಬೇಕು.

ಪೆಕಾನ್ ದುಬಾರಿ, ಅಖ್ರೋಟ್ ಸಾಕು. ಗೋಡಂಬಿ ಬೇಡ, 100 ಗ್ರಾಂಗೆ ಸುಮಾರು 30 ಗ್ರಾಂ ಕಾರ್ಬ್ ಇದೆ. ಅಖ್ರೋಟ್‌ನಲ್ಲಿ 14, ಅದರಲ್ಲೂ ಅರ್ಧದಷ್ಟು ನಾರು.

ತಳಕ್ಕೆ 200 ಗ್ರಾಂ ಬಾದಾಮಿ ಪುಡಿ, 60 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಮೈದಾದ ಜಿಗುಟು ಇದಕ್ಕಿಲ್ಲ, ಲಟ್ಟಿಸೋಕೆ ಹೋಗಬೇಡಿ, ತಟ್ಟೆಯಲ್ಲೇ ಬೆರಳಿಂದ ಒತ್ತಿ ಓವನ್‌ನಲ್ಲಿ 170 ಡಿಗ್ರಿಯಲ್ಲಿ 10-12 ನಿಮಿಷ ಬೇಯಿಸಿ.

ಒಳಗಿನದ್ದೇ ಕಷ್ಟದ ಕೆಲಸ. 100 ಗ್ರಾಂ ಬೆಣ್ಣೆಯನ್ನು ಕಂದು ಬಣ್ಣ ಬಂದು ಘಮ್ ಅನ್ನೋವರೆಗೆ ಕಾಯಿಸಿ, ಸಿರಪ್ಪಿನ ಬಣ್ಣ, ರುಚಿ ಸ್ವಲ್ಪ ಮಟ್ಟಿಗೆ ಇದರಿಂದಲೇ ಬರಬೇಕು. ಅದಕ್ಕೆ 100 ಮಿಲಿ ಕ್ರೀಮು, 120 ಗ್ರಾಂ ಎರಿಥ್ರಿಟಾಲ್ (ಸಕ್ಕರೆ ಬದಲಿಗೆ ಹಾಕುವ, ಶುಗರ್ ಏರಿಸದ ಸಿಹಿ). ಎರಿಥ್ರಿಟಾಲನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಯೇ ಹಾಕಿ, ಇಲ್ಲದಿದ್ದರೆ ತಣ್ಣಗಾದಾಗ ಮತ್ತೆ ಹರಳುಗಟ್ಟಿ ಬಾಯಲ್ಲಿ ಮರಳು ಸಿಕ್ಕಂತಾಗುತ್ತದೆ. ಬೆಚ್ಚಗಾಗುವವರೆಗೆ ಆರಿಸಿ ಮೂರು ಮೊಟ್ಟೆ, 200 ಗ್ರಾಂ ಅಖ್ರೋಟ್ ಬೆರೆಸಿ. ಗಟ್ಟಿ ಮಾಡೋದು ಮೊಟ್ಟೆ ಒಂದೇ. ಬೆಂದ ತಳದ ಮೇಲೆ ಸುರಿದು ಓವನ್‌ನಲ್ಲಿ ಅರ್ಧ ಗಂಟೆ ಬೇಯಿಸಿ, ಅಂಚು ಗಟ್ಟಿಯಾಗಿ ನಡುವೆ ಸ್ವಲ್ಪ ಅಲುಗುವಾಗಲೇ ಹೊರಗೆ ತೆಗೆಯಿರಿ. ಪೂರ್ತಿ ಆರಿದ ಮೇಲೆಯೇ ಕೊಯ್ಯಿರಿ. ಮೊಟ್ಟೆ ತಿನ್ನದ ಮನೆಯವರು ಇದರ ಗೋಜಿಗೆ ಹೋಗದೆ ಸುಮ್ನೆ ಒಂದು ಹಿಡಿ ಹುರಿದ ಅಖ್ರೋಟ್ ತಿನ್ನಿ.

ಅಂಗಡಿಯ 'ಶುಗರ್‌ಫ್ರೀ' ಪ್ಯಾಕೆಟ್ ತಿರುಗಿಸಿ ಓದಿ. ಮಾಲ್ಟಿಟಾಲ್ (ಸಕ್ಕರೆ ಬದಲಿಗೆ ಹಾಕುವ ಇನ್ನೊಂದು ಸಿಹಿ) ಅಂತ ಇದ್ದರೆ ಇಟ್ಟುಬಿಡಿ. ಅದು ಶುಗರ್ ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತದೆ.

ಹತ್ತು ತುಂಡು ಮಾಡಿದರೆ, ನಾರು ಮತ್ತು ಎರಿಥ್ರಿಟಾಲ್ ಬಿಟ್ಟು ತುಂಡಿಗೆ ಸುಮಾರು 4 ಗ್ರಾಂ ಕಾರ್ಬ್. ಖುಷಿಪಡಬೇಡಿ, ಕ್ಯಾಲೊರಿ 400ರ ಹತ್ತಿರ, ಅಂದರೆ ಎರಡು ಜೋಳದ ರೊಟ್ಟಿಗಿಂತ ಜಾಸ್ತಿ. ತಿಂದ ದಿನ ರೊಟ್ಟಿ ಕಡಿಮೆ ಮಾಡಿ. ಆದರೆ ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ರೊಟ್ಟಿ ಬಿಡಬೇಡಿ, ಶುಗರ್ ತೀರಾ ಕೆಳಗಿಳಿಯಬಹುದು.